ಇನ್ನೂರೈವತ್ತು ಜನ ಸೇರುವವರೆಗೆ ಕಾಯುವ ಕಾನೂನು

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗಿನಿಂದ ಬಿಲ್ಡರುಗಳು ಒಂದು ಕಡೆ, ಕಾರ್ಮಿಕ ಸಂಘಟನೆಗಳು ಇನ್ನೊಂದು ಕಡೆ ನಿಂತು ಇನ್ಸ್‌ಪೆಕ್ಟರನ ಬಗ್ಗೆ ಜಗಳವಾಡುತ್ತಿದ್ದಾರೆ. ಇನ್ಸ್‌ಪೆಕ್ಟರ್ ರಾಜ್ಯ ಮುಗಿಯಿತು, ನೂರೆಂಟು ರಿಜಿಸ್ಟರುಗಳ ಕಾಟ ತಪ್ಪಿತು ಎಂದು ಅವರು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯನ್ನು ಮಣ್ಣುಮಾಡಿಬಿಟ್ಟರು ಎಂದು ಇವರು. ಇನ್ಸ್‌ಪೆಕ್ಟರ್ ಈಗ ದಂಡ ಹಾಕುವುದರ ಜೊತೆಗೆ ಮಾಲೀಕನಿಗೆ ಬುದ್ಧಿಮಾತನ್ನೂ ಹೇಳಬೇಕು. ಯಾವ ಸೈಟಿಗೆ ತಪಾಸಣೆಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿ ಹೇಳುತ್ತದೆ. ಈ ಜಗಳದಲ್ಲಿ ನಾನು ಸಂಘಟನೆಗಳ ಕಡೆಗೇ. ಆದರೆ ಹಳೆಯ ಕಾಯ್ದೆಯ ಕಾಲದಲ್ಲೂ ಸಣ್ಣ ಸೈಟುಗಳಿಗೆ ಇನ್ಸ್‌ಪೆಕ್ಟರ್ ಬರುತ್ತಿದ್ದುದು ಅಷ್ಟರಲ್ಲೇ ಇತ್ತು. ಬಾರದವನ ಅಧಿಕಾರ ಹೆಚ್ಚೋ ಕಡಿಮೆಯೋ ಎಂದು ಕಿತ್ತಾಡುವ ಗದ್ದಲದಲ್ಲಿ ಒಂದು ಸಂಖ್ಯೆ ಯಾರ ಬಾಯಲ್ಲೂ ಬರುತ್ತಿಲ್ಲ.

ಆ ಸಂಖ್ಯೆ 250. ನಿರ್ಮಾಣ ಕೆಲಸದಲ್ಲಿ ಅಷ್ಟು ಜನ ಇದ್ದರೆ ಒಬ್ಬ ಸುರಕ್ಷತಾ ಅಧಿಕಾರಿ ಇರಬೇಕು ಎನ್ನುತ್ತದೆ ಆ ನಾಲ್ಕರಲ್ಲಿ ಸುರಕ್ಷತೆಗೆ ಸಂಬಂಧಿಸಿದ ಹೊಸ ಸಂಹಿತೆ. ಹಳೆಯ ಕಾಯ್ದೆಯಲ್ಲಿ ಇದು 500 ಇತ್ತು. ಅರ್ಧಕ್ಕೆ ಇಳಿಸಿದ್ದೇವೆ ನೋಡಿ ಎಂದು ಸರ್ಕಾರ ಹೇಳಿಕೊಂಡರೆ ಇಲ್ಲ ಎನ್ನಲಾಗದು. ಆದರೆ 250 ಜನ ದುಡಿಯುವ ಸೈಟು ಎಂದರೆ ಮೆಟ್ರೋ, ಟೆಕ್ ಪಾರ್ಕು, ಮೂವತ್ತು ಮಹಡಿಯ ಅಪಾರ್ಟ್‌ಮೆಂಟು. ಅಲ್ಲಿ ಗೇಟಿನಲ್ಲೇ ಹೆಲ್ಮೆಟ್ ಇಲ್ಲದವರನ್ನು ತಡೆಯುವ ಪದ್ಧತಿ ಹೇಗೋ ಏನೋ ಬೇರುಬಿಟ್ಟಿದೆ. ಕಾನೂನು ಬೇಕಾಗಿರುವುದು ಮೂವತ್ತು-ನಲವತ್ತು ಅಡಿಯ ಸೈಟಿನಲ್ಲಿ ಆರು ಮಹಡಿ ಏಳುತ್ತದಲ್ಲ, ಅಲ್ಲಿ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಕುಸಿದದ್ದು ಅಂಥದೇ ಕಟ್ಟಡ. ಅನುಮತಿ ಇದ್ದದ್ದಕ್ಕಿಂತ ಹೆಚ್ಚು ಮಹಡಿ ಎಬ್ಬಿಸಿದ್ದರು. ಒಂಬತ್ತು ಜನ ಸತ್ತರು. ಹೊಟ್ಟೆಪಾಡಿಗೆ ಬಿಹಾರದಿಂದ ಬಂದವರೂ ಅವರಲ್ಲಿದ್ದರು. ಅದಕ್ಕೆ ಐದು ವರ್ಷ ಮೊದಲು, 2019ರ ಮಾರ್ಚ್ 19ರಂದು, ಧಾರವಾಡದ ಕುಮಾರೇಶ್ವರ ನಗರದಲ್ಲಿ ಮೇಲಿನ ಮಹಡಿಗಳ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ ಕೆಳಗೆ ಅಂಗಡಿಗಳು ತೆರೆದಿದ್ದವು. ಇಡೀ ಕಟ್ಟಡ ಕೂತುಹೋಯಿತು, 19 ಜನ ಸತ್ತರು. ಕೆಲಸಗಾರರ ತಲೆಯೆಣಿಕೆ ಎರಡು ಕಡೆಯೂ 250ರ ಹತ್ತಿರಕ್ಕೂ ಬರುವುದಿಲ್ಲ. ಸುರಕ್ಷತಾ ಅಧಿಕಾರಿ ಇಲ್ಲದ್ದು ಅಲ್ಲಿ ಅಪರಾಧವೇ ಆಗಿರಲಿಲ್ಲ. ಇವತ್ತು ಅದೇ ಕಟ್ಟಡ ಏಳುತ್ತಿದ್ದರೂ ಆಗುವುದಿಲ್ಲ.

ತಲೆ ಎಣಿಸುವ ಈ ಚಾಳಿ ಹಳೆಯದು. 1996ರ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಅಪಘಾತದಲ್ಲಿ ಐವರು ಅಥವಾ ಹೆಚ್ಚು ಜನ ಸತ್ತರೆ ತಿಂಗಳೊಳಗೆ ವಿಚಾರಣೆ ಕಡ್ಡಾಯವಿತ್ತು. ಅದಕ್ಕಿಂತ ಕಡಿಮೆಯಾದರೆ ವಿಚಾರಣೆ ನಡೆಸಬಹುದಿತ್ತು, ಬಿಡಲೂಬಹುದಿತ್ತು. ಹೊಸ ಸಂಹಿತೆಯಲ್ಲಿ ಐದರ ಈ ಗೆರೆ ಇಲ್ಲ, ಒಳ್ಳೆಯದೇ ಆಯಿತು. ಆದರೆ ಸುಮಾರು ಮೂರು ದಶಕ ಆ ಗೆರೆ ಕಲಿಸಿದ ಪಾಠ ಇಲಾಖೆಯ ಮೈಗೆ ಹತ್ತಿಬಿಟ್ಟಿದೆ. ಗಾರೆ ಕೆಲಸದವರು ಗುಂಪಾಗಿ ಸಾಯುವುದು ಅಪರೂಪ. ಒಬ್ಬೊಬ್ಬರಾಗಿ ಬೀಳುತ್ತಾರೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು.

ಹೇಗೆ ಬೀಳುತ್ತಾರೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಲಿಫ್ಟಿಗೆಂದು ಬಿಟ್ಟ ಗುಂಡಿಯ ಬಾಯಿಗೆ ಒಂದು ಪ್ಲೈವುಡ್ ಹಲಗೆ ಮುಚ್ಚಿರುತ್ತಾರೆ. ಮೊಳೆ ಹೊಡೆದಿರುವುದಿಲ್ಲ, ಬಣ್ಣದಲ್ಲಿ ಗುರುತು ಹಾಕಿರುವುದಿಲ್ಲ. ಸೆಂಟ್ರಿಂಗಿಗೆ ಹಲಗೆ ಸಾಲದೆ ಬಂದಾಗ ಹೊಸ ಹುಡುಗನೊಬ್ಬ ಅದನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಎತ್ತುತ್ತಾನೆ. ಹಲಗೆ ಅಡ್ಡವಾಗಿ ಕಾಲ ಬುಡ ಕಾಣುವುದಿಲ್ಲ. ಎತ್ತಿಕೊಂಡು ಮುಂದಕ್ಕೆ ಒಂದು ಹೆಜ್ಜೆ ಇಡುತ್ತಾನೆ, ಅಷ್ಟೆ. ಅವನ ತಲೆಯ ಮೇಲೆ ಹೆಲ್ಮೆಟ್ ಇದ್ದಿರಲೂಬಹುದು. ಮುಚ್ಚಿದ ಹಲಗೆಗೆ ನಾಲ್ಕು ಮೊಳೆ, ಮೇಲೆ ಕೆಂಪು ಬಣ್ಣದಲ್ಲಿ ಒಂದು ಗುಣಾಕಾರದ ಚಿಹ್ನೆ: ಐವತ್ತು ರೂಪಾಯಿಯ ಖರ್ಚು.

ಬೆಲ್ಟಿನ ಕಥೆಯೂ ಇದೇ. ಹೊರಗೋಡೆಗೆ ಗಿಲಾವು ಮಾಡುವವನಿಗೆ ಬೆಲ್ಟ್ ಕೊಟ್ಟಿದ್ದೇವೆ ಎಂದು ಕಾಂಟ್ರಾಕ್ಟರ್ ಫೋಟೊ ತೋರಿಸುತ್ತಾನೆ. ಕೊಕ್ಕೆ ಸಿಕ್ಕಿಸಲು ಮೇಲಿನಿಂದ ಹಗ್ಗ ಇಳಿಬಿಟ್ಟಿರುವುದಿಲ್ಲ. ಕೊಕ್ಕೆಯನ್ನು ಅವನು ಸಾರುವೆಗೇ ಹಾಕಿಕೊಳ್ಳುತ್ತಾನೆ. ಸಾರುವೆ ಬಿದ್ದರೆ ಬೆಲ್ಟು ಅವನನ್ನು ಅದರ ಜೊತೆಗೇ ಒಯ್ಯುತ್ತದೆ.

'ಅವರೇ ಹಾಕಿಕೊಳ್ಳುವುದಿಲ್ಲ ಸಾರ್, ಎಷ್ಟು ಹೇಳಿದರೂ ಕೇಳುವುದಿಲ್ಲ' ಎಂಬುದು ಈ ಉದ್ಯಮದ ಜಪ. ಇದರಲ್ಲಿ ಸತ್ಯ ಇಲ್ಲದಿಲ್ಲ. ಸೆಕೆಯಲ್ಲಿ ಹೆಲ್ಮೆಟ್ ಕಾಯುತ್ತದೆ, ಬೆಲ್ಟು ಕೈಕಾಲಿಗೆ ತೊಡಕು. ಆದರೆ ಗಿಲಾವು ಮಾಡುವವನಿಗೆ ಕೂಲಿ ಚದರಡಿ ಲೆಕ್ಕದಲ್ಲಿ ಸಿಗುತ್ತದೆ. ಶನಿವಾರದ ಬಟವಾಡೆಯಲ್ಲಿ ಎಷ್ಟು ಗೋಡೆ ಮುಗಿಯಿತು ಎಂದು ಕೇಳುತ್ತಾರೆಯೇ ಹೊರತು ಕೊಕ್ಕೆ ಎಷ್ಟು ಸಲ ಹಾಕಿದೆ ಎಂದು ಯಾರೂ ಕೇಳುವುದಿಲ್ಲ. ಅವಸರಕ್ಕೆ ದುಡ್ಡು ಕೊಟ್ಟು ನಿಧಾನಕ್ಕೆ ಉಪದೇಶ ಕೊಡುವ ಕಡೆ ಯಾವುದು ಗೆಲ್ಲುತ್ತದೆಂದು ಬೇರೆ ಹೇಳಬೇಕೆ?

ಅವಸರ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಸೆಂಟ್ರಿಂಗನ್ನೇ ನೋಡಿ. ನಾಲ್ಕೂವರೆ ಮೀಟರಿಗಿಂತ ಅಗಲದ ಮೋಲ್ಡ್ ಹಾಕಿದ ಮೇಲೆ ಕೆಳಗಿನ ಊರುಗೋಲುಗಳನ್ನು 14 ದಿನ ಮುಟ್ಟಬಾರದು, ಆರು ಮೀಟರಿಗಿಂತ ಉದ್ದದ ಬೀಮಿಗಾದರೆ 21 ದಿನ ಎಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಊರುಗೋಲು, ಜಾಕಿ, ಶೀಟುಗಳೆಲ್ಲ ದಿನಬಾಡಿಗೆಯ ಮಾಲು. ಇತ್ತ ಬಾಡಿಗೆ ಏರುತ್ತಿರುತ್ತದೆ, ಅತ್ತ ಇನ್ನೊಂದು ಸೈಟಿನವನು ಫೋನು ಮಾಡುತ್ತಿರುತ್ತಾನೆ. ಒಪ್ಪಂದವಾಗಿರುವುದು ಚದರಕ್ಕೆ ಇಷ್ಟೆಂದು. ಅದರಲ್ಲಿ ಹೆಚ್ಚಿನ ನಾಲ್ಕು ದಿನದ ಬಾಡಿಗೆಗೆ ಜಾಗವಿಲ್ಲ. ಮೇಸ್ತ್ರಿ ಬಿಚ್ಚಿಸುತ್ತಾನೆ. ತಪ್ಪು ಮೇಸ್ತ್ರಿಯದೇ, ಅನುಮಾನವಿಲ್ಲ. ಆದರೆ ಆ ದರಕ್ಕೆ ಅವನನ್ನು ಒಪ್ಪಿಸಿದವನು ಯಾರು?

ಎಫ್‌ಐಆರ್‌ನಲ್ಲಿ ಈ ಪ್ರಶ್ನೆಗೆ ಜಾಗವೇ ಇರುವುದಿಲ್ಲ. ಕಟ್ಟಡವೇ ಕುಸಿದು ಟಿವಿಯವರು ಬಂದರೆ ಮಾಲೀಕನ ಬಂಧನವಾಗುತ್ತದೆ, ಧಾರವಾಡದಲ್ಲೂ ಬಾಬುಸಾಪಾಳ್ಯದಲ್ಲೂ ಆಯಿತು. ಒಬ್ಬನೇ ಬಿದ್ದು ಸತ್ತಾಗ ಕೇಸು ಸಾಮಾನ್ಯವಾಗಿ ಮೇಸ್ತ್ರಿ, ಹೆಚ್ಚೆಂದರೆ ಸೈಟ್ ಎಂಜಿನಿಯರ್ ಹತ್ತಿರ ನಿಲ್ಲುತ್ತದೆ. ಶವ ಊರಿಗೆ ಸಾಗಿಸಲು ಆಂಬುಲೆನ್ಸ್, ಮನೆಯವರ ಕೈಗೆ ಒಂದು ಕವರ್, ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು. ಹೊಣೆ ಮೇಲಕ್ಕೆ ಏರಲಾರದು ಎಂದೇನಿಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ ಸ್ಕೂಟರಿನಲ್ಲಿದ್ದ ತಾಯಿ ಮತ್ತು ಪುಟ್ಟ ಮಗ ಸತ್ತಾಗ ಗುತ್ತಿಗೆ ಕಂಪನಿಯ ಮೇಲೂ ಮೆಟ್ರೋ ನಿಗಮದ ಅಧಿಕಾರಿಗಳ ಮೇಲೂ ಕೇಸು ದಾಖಲಾಯಿತು. ಸತ್ತವರು ದಾರಿಹೋಕರು, ನಮ್ಮಂಥವರು. ಅದೇ ಚೌಕಟ್ಟು ಒಳಕ್ಕೆ ವಾಲಿ ಕಂಬಿ ಕಟ್ಟುವ ಇಬ್ಬರ ಮೇಲೆ ಬಿದ್ದಿದ್ದರೆ ನಗರ ಅಷ್ಟು ಕೆರಳುತ್ತಿತ್ತೆ?

ಶಿಕ್ಷೆ ಹೆಚ್ಚಿಸಿದ್ದೇವೆ ಎನ್ನುತ್ತಾರೆ. ನಿಜ. ಹಳೆಯ ಕಾಯ್ದೆಯಲ್ಲಿ ಸುರಕ್ಷತಾ ನಿಯಮ ಮುರಿದವನಿಗೆ ಮೂರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಇತ್ತು. ಎರಡು ಮೂಟೆ ಸಿಮೆಂಟ್ ಜೊತೆಗೆ ಒಂದಿಷ್ಟು ಮರಳಿನ ಬೆಲೆ. ಈಗ ಸಾವು ಸಂಭವಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಐದು ಲಕ್ಷ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಾಗದಷ್ಟನ್ನು ಸತ್ತವನ ಕುಟುಂಬಕ್ಕೆ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಸಂಹಿತೆಯಲ್ಲಿ ನಾನು ಮೆಚ್ಚುವ ಭಾಗ ಇದು. ಆದರೆ ಗುತ್ತಿಗೆ, ಒಳಗುತ್ತಿಗೆ, ಅದರೊಳಗೊಂದು ಗುತ್ತಿಗೆ ಎಂದು ನಾಲ್ಕು ಮೆಟ್ಟಿಲು ಇಳಿದ ಮೇಲೆ ಐದು ಲಕ್ಷ ಕಟ್ಟಲು ಕಟಕಟೆಯಲ್ಲಿ ನಿಲ್ಲುವವನು ಕಟ್ಟಿಸುವವನಲ್ಲ, ಸತ್ತವನಷ್ಟೇ ಬಡವನಾದ ಇನ್ನೊಬ್ಬ.

ಬ್ರಿಟನ್ನಿನ 2015ರ ನಿರ್ಮಾಣ ನಿಯಮಗಳು ಈ ಏಣಿಯನ್ನು ಮೇಲಿನಿಂದ ಹಿಡಿಯುತ್ತವೆ. ಯಾರು ಕಟ್ಟಿಸುತ್ತಾರೋ ಅವರು ಕೆಲಸಕ್ಕೆ ಸಾಕಷ್ಟು ಸಮಯ ಮತ್ತು ಸಂಪನ್ಮೂಲ ಒದಗಿಸಿರಬೇಕು, ಅದು ಅವರ ಕಾನೂನಾತ್ಮಕ ಕರ್ತವ್ಯ. ನಮ್ಮಲ್ಲಿ ಕಡಿಮೆ ದರ ಕೂಗಿದವನಿಗೆ ಟೆಂಡರ್; ಆ ಕಡಿಮೆ ದರ ಬಲೆಯಿಂದ ಉಳಿಸಿದ್ದೋ ಸಾರುವೆಯಿಂದ ಉಳಿಸಿದ್ದೋ ಕೇಳುವವರಿಲ್ಲ. ಸರ್ಕಾರಿ ಕಾಮಗಾರಿಗಳಲ್ಲಾದರೂ ಸುರಕ್ಷತೆಯ ಬಾಬ್ತನ್ನು ಪೈಪೋಟಿಯಿಂದ ಹೊರಗಿಟ್ಟು ಪ್ರತ್ಯೇಕವಾಗಿ, ಬಿಲ್ ತೋರಿಸಿದ ಮೇಲೆಯೇ ಪಾವತಿಸಬೇಕು.

ದುಡ್ಡಿಲ್ಲ, ಸಿಬ್ಬಂದಿ ಇಲ್ಲ, ಸಾವಿರಾರು ಸೈಟುಗಳನ್ನು ಎಲ್ಲಿ ಹುಡುಕುವುದು ಎನ್ನುತ್ತಾರೆ ಅಧಿಕಾರಿಗಳು. ಹುಡುಕುವುದೇಕೆ? ನಕ್ಷೆ ಮಂಜೂರಾತಿಯ ಹೊತ್ತಿಗೇ ನಿರ್ಮಾಣ ವೆಚ್ಚದ ಶೇ 1ರಷ್ಟು ಕಾರ್ಮಿಕ ಸೆಸ್ ಕಟ್ಟಿಸಿಕೊಳ್ಳುತ್ತಾರಲ್ಲ, ಅದರ ರಸೀದಿಯ ಮೇಲೆ ವಿಳಾಸ ಇದ್ದೇ ಇದೆ. ಆ ಹಣ ಕಾರ್ಮಿಕರ ಕಲ್ಯಾಣಕ್ಕೆಂದೇ ಮೀಸಲು. ಹೀಗೆ ಕೂಡಿದ ಸೆಸ್ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮೆಷಿನ್ ಖರೀದಿಸಿದ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂದು, 2018ರ ಮಾರ್ಚ್ 19ರ ತೀರ್ಪಿನಲ್ಲಿ ನ್ಯಾಯಮೂರ್ತಿ ಮದನ್ ಲೋಕುರ್ ಅವರ ಪೀಠ ರಾಜ್ಯಗಳ ಆಲಸ್ಯವನ್ನು ತರಾಟೆಗೆ ತೆಗೆದುಕೊಂಡಿತು. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಖಿಗೆ, ಧಾರವಾಡದ ಕಟ್ಟಡ ಬಿತ್ತು. ಈ ಸೆಸ್ ಹಣ ನೋಡಿಕೊಳ್ಳುವ ನಮ್ಮ ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಇಂದಿಗೂ ಚರ್ಚೆ ಕಿಟ್ಟು, ಕಾರ್ಡು, ನಕಲಿ ಕಾರ್ಡುಗಳ ಸುತ್ತಲೇ. ಸತ್ತ ಮೇಲಿನ ಪರಿಹಾರದ ಮೊತ್ತ ಎಷ್ಟಿರಬೇಕೆಂದು ಚರ್ಚಿಸಲು ಇರುವ ಉತ್ಸಾಹ ಸಾಯದಂತೆ ನೋಡಿಕೊಳ್ಳುವ ವಿಷಯದಲ್ಲಿ ಕಾಣುವುದಿಲ್ಲ.

ಇಷ್ಟು ಬೈದ ಮೇಲೆ ಓದುಗರನ್ನೂ ಬಿಡುವಂತಿಲ್ಲ. ಸ್ವಂತ ವಾಸಕ್ಕೆ ಕಟ್ಟಿಸುವ ಮನೆಯ ವೆಚ್ಚ ಹತ್ತು ಲಕ್ಷ ಮೀರದಿದ್ದರೆ ಹಳೆಯ ಕಾಯ್ದೆಯಿಂದ ವಿನಾಯಿತಿ ಇತ್ತು. ಹೊಸದು ಅದನ್ನು 50 ಲಕ್ಷಕ್ಕೆ ಏರಿಸಿದೆ. ಅಂದರೆ ಹುಬ್ಬಳ್ಳಿಯಲ್ಲೋ ತುಮಕೂರಿನಲ್ಲೋ ಸಾಲ ಮಾಡಿ ನಾವು ಕಟ್ಟಿಸುವ ಬಹುಪಾಲು ಮನೆಗಳು ಕಾನೂನಿನ ಕಣ್ಣಿಗೆ ನಿರ್ಮಾಣ ಕಾಮಗಾರಿಗಳೇ ಅಲ್ಲ. ಗುದ್ದಲಿ ಪೂಜೆಗೆ ಮುಹೂರ್ತ ನೋಡುತ್ತೇವೆ, ಎರಡನೇ ಮಹಡಿಗೆ ದೃಷ್ಟಿಗೊಂಬೆ ಕಟ್ಟುತ್ತೇವೆ, ಮೋಲ್ಡಿನ ದಿನ ಎಲ್ಲರಿಗೂ ಊಟ ಹಾಕಿಸುತ್ತೇವೆ. ಕೊನೆಗೆ ಚದರಕ್ಕೆ ಐವತ್ತು ರೂಪಾಯಿ ಕಮ್ಮಿ ಮಾಡಿಸಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ತಲೆಯೆಣಿಕೆ ಎಷ್ಟೇ ಇರಲಿ, ವೆಚ್ಚ ಎಷ್ಟೇ ಇರಲಿ, ಒಂದು ಮಹಡಿ ಮೀರಿದ ಪ್ರತಿ ಕಟ್ಟಡಕ್ಕೂ ಸಾರುವೆ, ಬಲೆ, ಗುಂಡಿಯ ಮುಚ್ಚಳಕ್ಕೆ ಹೊಣೆಗಾರರು ಯಾರೆಂದು ಕಟ್ಟಿಸುವವರೇ ಬರೆದು ಸಹಿ ಹಾಕಬೇಕು. ಬರೆಯದಿದ್ದರೆ ಹೊಣೆ ಅವರದೇ ಎಂದು ತಿಳಿಯಬೇಕು. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಕಟ್ಟಡ ಬೈಲಾ ರಾಜ್ಯದ್ದೇ. ಹೊಸ ಇಲಾಖೆಯೂ ಬೇಡ. ನಕ್ಷೆಯ ಕೌಂಟರಿನಲ್ಲಿ ಶೇ 1 ಎಣಿಸಿಕೊಳ್ಳಲು ಜನ ಕೂತಿದ್ದಾರಲ್ಲ, ಆ ಹೆಸರು ಬರೆದುಕೊಳ್ಳಲೂ ಅವರೇ ಸಾಕು.