ಕನ್ಯಾಶಾಲೆಗೆ ತಕ್ಕ ಸ್ಥಳ ಯಾವುದು?

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಪೂರ್ವಚರಿತ್ರೆಯನ್ನು ಬರೆದು ಮುಗಿಸುವುದು ನಮಗೆ ಸುಲಭವಾಗಿತ್ತು. ಆದರೆ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ಈಚೆಗೆ ನಡೆಯುತ್ತಿರುವ ಚರ್ಚೆಯನ್ನು ಕೇಳಿಯೂ ಕೇಳದವರಂತೆ ಇರುವುದು ಯೋಗ್ಯವಲ್ಲವೆಂದು ತೋರಿದುದರಿಂದ ಅದನ್ನೇ ಎತ್ತಿಕೊಂಡಿದ್ದೇವೆ. ಪೇಟೆಯ ನಡುವಿನ ಈ ಇಕ್ಕಟ್ಟಾದ ಶಾಲೆಯನ್ನು ಬಿಟ್ಟು, ಊರ ಹೊರಗೆ ದಾನವಾಗಿ ದೊರೆಯಲಿರುವ ಎರಡು ಎಕರೆ ಜಮೀನಿಗೆ ಹೋಗಬೇಕೆ ಬೇಡವೆ ಎಂಬುದೇ ಆ ಚರ್ಚೆ. ದಾನಿಗಳ ಔದಾರ್ಯಕ್ಕೆ ನಾವು ಕೃತಜ್ಞರು. ಆದರೂ ಹೋಗಬಾರದೆಂಬುದೇ ನಮ್ಮ ಅಭಿಪ್ರಾಯ.

ಈಗಿನ ಕಟ್ಟಡದ ಕುಂದುಗಳನ್ನು ನಾವು ಮರೆಮಾಚುವುದಿಲ್ಲ. ಒಂದು ತರಗತಿಯು ವರಾಂಡದಲ್ಲಿ ಕುಳಿತಿದೆ. ಮಳೆ ಬಂದರೆ ಹುಡುಗಿಯರು ಪುಸ್ತಕಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಾರೆ. ಆಟಕ್ಕೆ ದೇವಾಲಯದ ಅಂಗಳವನ್ನು ಬೇಡಿಕೊಳ್ಳಬೇಕಾಗಿದೆ. ಮಂಗಳೂರು ಹೆಂಚಿನ ಮಾಡು ಬೇಸಗೆಯಲ್ಲಿ ತಂಪಾಗಿರುವುದು ನಿಜ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಾಸೆಲ್ ಮಿಶನಿನವರನ್ನು ನಾವು ಏಪ್ರಿಲ್ ತಿಂಗಳಲ್ಲಿ ದಿನಕ್ಕೊಮ್ಮೆಯಾದರೂ ನೆನೆಯುತ್ತೇವೆ. ಆದರೆ ಕೋತಿಗಳ ಉಪದ್ರವದಿಂದ ಒಡೆದ ಹೆಂಚುಗಳ ಲೆಕ್ಕವನ್ನು ಖಜಾಂಚಿಯವರೇ ಬಲ್ಲರು.

ಇಂಥ ಸ್ಥಿತಿಗೆ ಕಾರಣವೇನೆಂದು ಪೋಷಕರು ಕೇಳುವುದುಂಟು. ಅನುದಾನಿತ ಶಾಲೆಯಲ್ಲಿ ಸರಕಾರವು ಉಪಾಧ್ಯಾಯರ ವೇತನವನ್ನು ಕೊಡುತ್ತದೆ. ಕಟ್ಟಡವನ್ನು ಒದಗಿಸುವ ಭಾರವು ಆಡಳಿತ ಮಂಡಲಿಯದು. ಸಹಾಯಧನದ ಈ ಪದ್ಧತಿಗೆ 1854ರ ವುಡ್ ಅವರ ನಿರೂಪವೇ ಮೂಲ. ಈ ಕಷ್ಟ ನಮಗೊಬ್ಬರಿಗೇ ಬಂದುದಲ್ಲ. ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ 1991ರಲ್ಲಿ ಒಂದು ಕಾನೂನು ಮಾಡಿ, ಸರಕಾರದ ಹಣದಿಂದ ನಡೆಯುವ ಆದರೆ ಸ್ವತಂತ್ರವಾಗಿ ಆಳಿಕೊಳ್ಳುವ ಚಾರ್ಟರ್ ಶಾಲೆಗಳಿಗೆ ಅವಕಾಶ ಕೊಟ್ಟರು. 1992ರಲ್ಲಿ ಸೇಂಟ್ ಪಾಲ್ ನಗರದಲ್ಲಿ ತೆರೆದ ಅಂಥ ಮೊದಲನೆಯ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ನಗರದ ವಿನೋದಕೇಂದ್ರವೊಂದರಲ್ಲಿ ಪಾಠ ಆರಂಭವಾಯಿತು. ಆ ಬಗೆಯ ಶಾಲೆಗಳು ಅನಂತರ ಹಳೆಯ ದೇವಾಲಯ, ಅಂಗಡಿ, ಮಳಿಗೆಗಳಲ್ಲಿ ಆಶ್ರಯವನ್ನು ಹುಡುಕಿದವು. ಅಷ್ಟು ಸಂಪನ್ನವಾದ ದೇಶದಲ್ಲಿಯೂ ಪಾಠಕ್ಕೆ ಹಣ ದೊರೆತು ಮಾಡಿಗೆ ದೊರೆಯದಿರುವುದು ವಿಚಿತ್ರವಲ್ಲವೆ?

ಹಾಗಾದರೆ ಧರ್ಮಕ್ಕೆ ಬಂದ ಜಮೀನನ್ನು ಏಕೆ ಬೇಡವೆನ್ನುತ್ತೇವೆ? ಸೊಕ್ಕೆಯ ಕಡೆಯಿಂದ ಬರುವ ಒಬ್ಬ ಬಾಲಿಕೆಯ ದಿನವನ್ನು ನೋಡಿರಿ. ಬೆಳಿಗ್ಗೆ ನೀರು ತುಂಬಿಟ್ಟು, ತಮ್ಮನಿಗೆ ಬುತ್ತಿ ಕಟ್ಟಿಕೊಟ್ಟು, ಬಸ್ಸು ಹತ್ತುತ್ತಾಳೆ. ಇಲ್ಲಿ ಬಸ್ ನಿಲ್ದಾಣದಲ್ಲಿ ಇಳಿದರೆ ಐದು ನಿಮಿಷಗಳಲ್ಲಿ ನಮ್ಮ ಗೇಟನ್ನು ಸೇರುವಳು. ದಾರಿಯುದ್ದಕ್ಕೂ ಅಂಗಡಿಗಳು, ಅವಳನ್ನು ಹೆಸರು ಹಿಡಿದು ಕರೆಯುವ ಮನುಷ್ಯರು. 2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ದರವಿಲ್ಲದ ಪ್ರಯಾಣ ದೊರೆತದ್ದು ನಮ್ಮ ಹಳ್ಳಿಯ ಹುಡುಗಿಯರಿಗೆ ದೊಡ್ಡ ಉಪಕಾರವಾಯಿತು (ಖಾಸಗಿ ಬಸ್ಸಿಗೆ ಇದು ಸಲ್ಲದು). ಆದರೆ ಆ ಉಪಕಾರವು ನಿಲ್ದಾಣದಲ್ಲಿ ಮುಗಿಯುತ್ತದೆ. ಅಲ್ಲಿಂದ ಹೊಸ ಜಮೀನಿಗೆ ಮೂರು ಕಿಲೋಮೀಟರು. ಒಂದು ಕಡೆ ಬಯಲು, ಒಂದು ಕಡೆ ಲಾರಿಗಳ ರಸ್ತೆ. ಆಟೋ ಹಿಡಿದರೆ ತಿಂಗಳ ಖರ್ಚು ಎಷ್ಟಾದೀತೆಂದು ಕೂಲಿ ಮಾಡುವ ತಾಯಿಯನ್ನು ಕೇಳಬೇಕು. ಅವಳು ನಮ್ಮೊಡನೆ ವಾದಿಸುವುದಿಲ್ಲ. ಮಗಳು ದೊಡ್ಡವಳಾದಳು, ಇನ್ನು ಸಾಕು ಅಮ್ಮನವರೇ, ಎಂದು ಹೇಳಿ ವರ್ಗಾವಣೆ ಪತ್ರವನ್ನು ಕೇಳುವಳು.

ಕಾನೂನು ಇಲ್ಲಿ ನಮಗೆ ಅಷ್ಟು ನೆರವಾಗದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯನ್ನನುಸರಿಸಿ ನಮ್ಮ ರಾಜ್ಯವು 2012ರಲ್ಲಿ ಮಾಡಿದ ನಿಯಮಗಳು, ಐದನೆಯ ತರಗತಿಯ ವರೆಗೆ 1 ಕಿಲೋಮೀಟರು, ಎಂಟನೆಯದರ ವರೆಗೆ 3 ಕಿಲೋಮೀಟರು ಎಂದು ಶಾಲೆಯ ದೂರವನ್ನು ಗೊತ್ತುಮಾಡಿದವು. ಆ ಹಕ್ಕು ಹದಿನಾಲ್ಕು ವರುಷಕ್ಕೆ ನಿಲ್ಲುತ್ತದೆ. ಹುಡುಗಿಯನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವ ಯೋಚನೆ ಹುಟ್ಟುವುದೂ ಸರಿಯಾಗಿ ಆ ವಯಸ್ಸಿನಲ್ಲಿಯೇ.

ಇನ್ನು ನೀರಿನ ಮಾತು. ಜಗಳೂರು ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡಿನ ತೊಂದರೆಯುಂಟೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಹಲ್ಲು ಕಂದಿದ ಮಕ್ಕಳನ್ನು ನೋಡದವರು ಯಾರು? ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಇರಬಾರದೆಂದು ಭಾರತೀಯ ಮಾನಕವು ಹೇಳುತ್ತದೆ. ದಾನದ ಜಮೀನಿನಲ್ಲಿ ಬಾವಿಯೇ ಇಲ್ಲ, ಪೇಟೆಯ ನಲ್ಲಿಯೂ ಅಲ್ಲಿಗೆ ಹೋಗಿಲ್ಲ. ನೀರನ್ನು ಪರೀಕ್ಷಿಸದೆ ಅಸ್ತಿಭಾರದ ಕಲ್ಲನ್ನಿಡಲು ಕೆಲವರು ಅವಸರಪಡುತ್ತಿರುವುದು ನಮಗೆ ಸರಿತೋರದು.

ಬಾಡಿಗೆಯ ಮನೆಯೊಂದನ್ನು ಹಿಡಿಯೋಣವೆಂಬ ಮೂರನೆಯ ಸಲಹೆಯೂ ಬಂದಿದೆ. ಇದರ ರುಚಿಯನ್ನು ನಾವು ಬಲ್ಲೆವು. ನಾವು ಕೆಲಸಕ್ಕೆ ಸೇರಿದ ಮೊದಲ ವರುಷ ಕಲಿಸಿದ ಶಾಲೆಯು ಬಾಡಿಗೆಯ ಮನೆಯಲ್ಲಿತ್ತು. ಒಂದು ಕೋಣೆಯಲ್ಲಿ ಯಜಮಾನರ ಜೋಳದ ಚೀಲಗಳು. ಅವರ ಮನೆಯಲ್ಲಿ ಮದುವೆಯಾದರೆ ನಮಗೆ ಮೂರು ದಿನ ರಜೆ. ಎಂಬತ್ತು ಹುಡುಗಿಯರಿಗೆ ಒಂದೇ ಶೌಚಾಲಯ, ಅದರ ಬಾಗಿಲಿಗೆ ಅಗುಳಿಯಿಲ್ಲ. ಅವರು ಮನೆಯಿಂದ ಹೊರಟ ಮೇಲೆ ಸಂಜೆಯ ವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲವೆಂಬುದು, ಒಬ್ಬಳು ಪ್ರಾರ್ಥನೆಯ ವೇಳೆಯಲ್ಲಿ ಮೂರ್ಛೆಹೋದ ಮೇಲೆ ನಮಗೆ ತಿಳಿಯಿತು. ಆ ನಾಚಿಕೆ ಇನ್ನೂ ಇದೆ.

ನಮ್ಮ ಬಿನ್ನಹವಿಷ್ಟೆ: ಶಾಲೆಗೆ ತಾಗಿರುವ ಹಳೆಯ ಶೇಂಗಾ ಮಳಿಗೆಯನ್ನು ಕೊಳ್ಳೋಣ. ಗೋಡೆ ಗಟ್ಟಿಯಾಗಿವೆ, ಕಿಟಕಿಗಳನ್ನು ತೆಗೆದರೆ ಮೂರು ತರಗತಿಗಳಾಗುತ್ತವೆ, ಹಿಂಭಾಗದಲ್ಲಿ ಶೌಚಾಲಯಗಳ ಸಾಲಿಗೆ ಜಾಗವಿದೆ. ಎದುರಿನ ಬೀಡಿ ಅಂಗಡಿಯ ಮಾತನ್ನೂ ಹೇಳಿಬಿಡುತ್ತೇವೆ: ಶಾಲೆಯಿಂದ 100 ಗಜದೊಳಗೆ ತಂಬಾಕನ್ನು ಮಾರಕೂಡದೆಂದು 2003ರ ಕಾಯಿದೆಯಿದೆ, ಪಟ್ಟಣ ಪಂಚಾಯಿತಿಯವರಿಗೆ ಬರೆದಿದ್ದೇವೆ. ಆದರೆ ಮಳಿಗೆಯು ಮಳಿಗೆಯಾಗಿಯೇ ಉಳಿಯಬಾರದು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಬಿದ್ದು 94 ಮಕ್ಕಳು ತೀರಿಕೊಂಡರು. ಅಡಿಗೆಮನೆಯ ಕಿಡಿ ಗರಿಯ ಚಪ್ಪರಕ್ಕೆ ಹತ್ತಿತು, ಇಳಿಯುವ ದಾರಿ ಕಿರಿದಾಗಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಶಾಲೆಗಳ ಅಗ್ನಿರಕ್ಷಣೆಯನ್ನು ಕುರಿತು ಆಜ್ಞೆ ಮಾಡಿತು. ಆದಕಾರಣ ಮಳಿಗೆಗೆ ಎರಡನೆಯ ಬಾಗಿಲು, ಬೇರೆಯಾದ ಅಡಿಗೆಮನೆ, ಇಂಜಿನಿಯರರ ಪರೀಕ್ಷೆ ಇವು ಆಗದೆ ಒಂದು ಬೆಂಚನ್ನೂ ಒಳಗೆ ಇಡಗೊಡೆವು.

ಆಟದ ಬಯಲು ಇದರಿಂದ ದೊರೆಯದು. ಇದು ನಿಜವಾದ ನಷ್ಟ. ನಮ್ಮ ಬಳಿ ಇದಕ್ಕೆ ಉತ್ತರವಿಲ್ಲ. ದಾನಿಗಳು ಒಪ್ಪಿದರೆ ಆ ಜಮೀನನ್ನು ಶನಿವಾರದ ಆಟಕ್ಕೆ ಇಟ್ಟುಕೊಳ್ಳಬಹುದು.

ಮುಂದಿನ ಸಭೆಯಲ್ಲಿ ಈ ವಿಷಯಕ್ಕೆ ಮತ ಹಾಕಬೇಕಾಗಿದೆ. ಅದಕ್ಕೆ ಮೊದಲು ಸದಸ್ಯರಲ್ಲಿ ಇಬ್ಬರಾದರೂ ಒಂದು ದಿನ ಸೊಕ್ಕೆಯಿಂದ ಬಸ್ಸಿನಲ್ಲಿ ಬಂದು, ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಆ ಜಮೀನಿನ ವರೆಗೆ ನಡೆದು, ಸಂಜೆ ಐದು ಗಂಟೆಯ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿ ಬಸ್ಸು ಹಿಡಿಯಬೇಕೆಂದು ಕೇಳಿಕೊಳ್ಳುತ್ತೇವೆ. ಚೀಲವನ್ನು ನಾವು ಕೊಡುತ್ತೇವೆ.