ಹೆಸರು ಬೇರೆ, ವಿಳಾಸ ಬೇರೆ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿನಲ್ಲಿ ಅವರ ಊರೂ ಸೇರಿರುವುದನ್ನು ವಾಚಕರು ಬಲ್ಲರು. ಆದರೆ ಅವರು ಬಹುಕಾಲ ಬಾಳಿದುದು ಮೈಸೂರಿನಲ್ಲಿ. ಹೆಸರನ್ನೇ ನಂಬಿ ಅಂಚೆಯವನು ಕುಪ್ಪಳಿಗೆ ನಡೆದಿದ್ದರೆ ಕಾಗದವು ಅವರ ಕೈಸೇರುತ್ತಿರಲಿಲ್ಲ. ಇಂಥವರೆಂದು ಗುರುತಿಸುವುದು ಒಂದು ಕೆಲಸ, ಇಂಥಲ್ಲಿರುವರೆಂದು ತಿಳಿಸುವುದು ಮತ್ತೊಂದು. ಇವೆರಡನ್ನೂ ಒಂದೇ ಸಂಖ್ಯೆಯ ಮೇಲೆ ಹೊರಿಸಿದುದು ಇಂಟರ್‌ನೆಟ್ಟಿನ ಹುಟ್ಟುಕುಂದೆಂದು ನಾವು ಭಾವಿಸುತ್ತೇವೆ.

1981ರಲ್ಲಿ ಗೊತ್ತುಪಡಿಸಿದ ಐಪಿ ವಿಳಾಸವು 32 ಬಿಟ್ಟುಗಳ ಸಂಖ್ಯೆ. ಕಂಪ್ಯೂಟರು ಯಾವ ಜಾಲಕ್ಕೆ ಸೇರಿದೆಯೆಂಬುದನ್ನು ಅದು ಹೇಳುತ್ತದೆ. ದಾರಿ ತೋರುವ ಯಂತ್ರಗಳಿಗೆ ಅಷ್ಟು ಸಾಕು. ಆದರೆ ಎರಡು ಕಂಪ್ಯೂಟರುಗಳ ಸಂಭಾಷಣೆಯನ್ನು ನಡೆಸುವ ಟಿಸಿಪಿಯೂ ಎದುರಿನವರನ್ನು ಇದೇ ಸಂಖ್ಯೆಯಿಂದ ಗುರುತಿಸುತ್ತದೆ. ಆದುದರಿಂದ ಕೈಯಲ್ಲಿರುವ ಫೋನು ಮನೆಯ ವೈಫೈಯನ್ನು ಬಿಟ್ಟು ಮೊಬೈಲು ಜಾಲವನ್ನು ಹಿಡಿದೊಡನೆ ಸಂಖ್ಯೆ ಬದಲಾಗಿ, ನಡೆಯುತ್ತಿದ್ದ ಸಂಪರ್ಕವು ಕಡಿದುಹೋಗುತ್ತದೆ. ಹೊಸಿಲು ದಾಟಿದ ಮಾತ್ರಕ್ಕೆ ಅವಳು ಬೇರೆಯವಳಾದಳೇ?

ವಿದ್ವಾಂಸರು ಇದನ್ನು ಅರಿಯದಿರಲಿಲ್ಲ. ಯಂತ್ರವೇ ಬೇರೆ, ಅದು ಜಾಲಕ್ಕೆ ತಗಲಿಕೊಂಡ ತಾಣವೇ ಬೇರೆಯೆಂದು ಜೆರೋಮ್ ಸಾಲ್ಟ್ಜರ್ 1982ರಲ್ಲಿಯೇ ಬರೆದಿದ್ದರು. ರಾಬರ್ಟ್ ಮಾಸ್ಕೋವಿಟ್ಜ್ ಮುಂದಿಟ್ಟ ಹಿಪ್ ಎಂಬ ಏರ್ಪಾಟಿನಲ್ಲಿ ಗುಪ್ತಲಿಪಿಯ ಬಹಿರಂಗ ಕೀಲಿಯೇ ಕಂಪ್ಯೂಟರಿನ ಗುರುತು. ತಾಣ ಬದಲಾದರೂ ಅದು ಬದಲಾಗದು, ಅದಕ್ಕೆ ಜೊತೆಯಾದ ರಹಸ್ಯ ಕೀಲಿಯಿಲ್ಲದೆ ಇತರರು ಅದನ್ನು ತಮ್ಮದೆನ್ನಲೂ ಬಾರದು. 2012ರ ಐಎಲ್‌ಎನ್‌ಪಿಯು 128 ಬಿಟ್ಟುಗಳನ್ನು ಸರಿಪಾಲು ಮಾಡಿ, 64ನ್ನು ತಾಣಕ್ಕೂ 64ನ್ನು ಗುರುತಿಗೂ ಕೊಟ್ಟಿತು. ಇವು ಹೆಚ್ಚಾಗಿ ಬಳಕೆಗೆ ಬರಲಿಲ್ಲ. 2021ರಲ್ಲಿ ಪ್ರಕಟವಾದ ಕ್ವಿಕ್ ನಿಯಮವು ಸಂಪರ್ಕಕ್ಕೇ ಬೇರೆ ಗುರುತನ್ನಿತ್ತು ಕೊರತೆಯನ್ನು ತಕ್ಕಮಟ್ಟಿಗೆ ನೀಗಿಸಿತು. ಅಸ್ತಿವಾರವು ಮಾತ್ರ ಹಳೆಯದೇ.

ಬೇರ್ಪಡಿಸುವುದು ಲೇಸೇ. ಆದರೆ ಎಂದೂ ಮಾಸದ ಗುರುತನ್ನು ನಾವು ಒಪ್ಪೆವು. ಐಪಿಯ ಆರನೆಯ ಆವೃತ್ತಿಯಲ್ಲಿ ಯಂತ್ರದ ಮಾರ್ಪಡದ ಅಂಕೆಯನ್ನೇ ವಿಳಾಸದೊಳಗೆ ಸೇರಿಸುವ ಪದ್ಧತಿಯಿತ್ತು. ಅದರ ಜಾಡು ಹಿಡಿದು ಒಬ್ಬರನ್ನು ಹೋದ ಹೋದಲ್ಲೆಲ್ಲ ಹಿಂಬಾಲಿಸಬಹುದೆಂದು ಕಂಡು, ಆಗಾಗ ಬದಲಾಗುವ ಅಂಕೆಗಳಿಗಾಗಿ 2001ರಲ್ಲಿ ನಿಯಮ ಮಾಡಬೇಕಾಯಿತು. ಓದಲೂ ದುಡಿಯಲೂ ಒಬ್ಬೊಬ್ಬರಾಗಿ ಊರು ಬಿಟ್ಟು ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಗುರುತನ್ನು ಇಟ್ಟುಕೊಳ್ಳುವ, ಬೇಡವೆನಿಸಿದಾಗ ಕಳಚಿಡುವ ಅಧಿಕಾರವು ಅದನ್ನು ಧರಿಸಿದವಳದಾಗಿರತಕ್ಕದ್ದು. ಯಾವ ಗುರುತಿನವರು ಈಗ ಯಾವ ತಾಣದಲ್ಲಿರುವರೆಂಬ ದಫ್ತರವು ಯಾರ ವಶದಲ್ಲಿರುವುದೆಂಬುದನ್ನೂ ಇಂಥ ಏರ್ಪಾಟು ಮಾಡುವವರು ಮೊದಲೇ ತಿಳಿಸಬೇಕೆಂದು ನಾವು ಕೇಳುತ್ತೇವೆ.