ಹೆಜ್ಜೆ ತಡವಾದ ಮಕ್ಕಳಿಗೆ ತಾಲ್ಲೂಕಿನಲ್ಲೇ ಫಿಸಿಯೋಥೆರಪಿ: ಪೋಷಕರ ಮನವಿ ಪತ್ರ

ಗೆ,
ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಈ ಮನವಿ ಸಲ್ಲಿಸುತ್ತಿರುವವರು ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತಡವಾದ ಪುಟ್ಟ ಮಕ್ಕಳ ತಂದೆತಾಯಂದಿರು. ಬಹುತೇಕರು ಜಿಲ್ಲಾ ಕೇಂದ್ರದಿಂದ ದೂರದ ಹಳ್ಳಿಗಳವರು. ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ತಾಲ್ಲೂಕು ಆಸ್ಪತ್ರೆಗೆ ಬಂದು ಮಗುವನ್ನು ನೋಡಬೇಕು, ಮನೆಯಲ್ಲಿ ಏನು ಮಾಡಿಸಬೇಕೆಂದು ಕಲಿಸಿಕೊಡಬೇಕು ಎಂಬುದು ಅವರ ಮುಖ್ಯ ಬೇಡಿಕೆ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಆರೋಗ್ಯವಂತ ಮಕ್ಕಳಲ್ಲಿ ಶೇ. 99ರಷ್ಟು ಮಂದಿ 9.2 ತಿಂಗಳೊಳಗೆ ಆಸರೆಯಿಲ್ಲದೆ ಕೂರುತ್ತಾರೆ, 17.6 ತಿಂಗಳೊಳಗೆ ತಾವಾಗಿಯೇ ನಡೆಯುತ್ತಾರೆ. ಅಂಬೆಗಾಲಿಡದೆ ನೇರ ನಡೆದುಬಿಡುವ ಮಕ್ಕಳೂ ಉಂಟು. ಆದರೆ ಒಂದೂವರೆ ವರ್ಷ ದಾಟಿದರೂ ಹೆಜ್ಜೆ ಇಡದ ಮಗುವಿನ ಬಗ್ಗೆ ‘ಅವರಪ್ಪನೂ ತಡವಾಗೇ ನಡೆದದ್ದು’ ಎಂದು ಸುಮ್ಮನಾಗುವುದು ತರವಲ್ಲ. ಅವಧಿಗೆ ಮುನ್ನ ಹುಟ್ಟಿದ್ದು, ಹೆರಿಗೆ ವೇಳೆ ಉಸಿರುಗಟ್ಟಿದ್ದು, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಸ್ನಾಯುರೋಗ: ಕಾರಣ ಯಾವುದೆಂದು ವೈದ್ಯರು ನೋಡಿಯೇ ಹೇಳಬೇಕು.

ಥೆರಪಿ ನೋಡಲು ಆಟದಂತಿರುತ್ತದೆ. ಕತ್ತು ನಿಲ್ಲದ ಮಗುವಿನ ಎದೆಯಡಿ ಸುರುಳಿ ಸುತ್ತಿದ ಟವೆಲ್ ಇಟ್ಟು ಬೋರಲು ಮಲಗಿಸುತ್ತಾರೆ. ಮೊಣಕೈಗಳನ್ನು ಭುಜದ ನೇರಕ್ಕೆ ತಂದು, ಕಣ್ಣೆದುರು ಗಿಲಕಿ ಆಡಿಸುತ್ತಾರೆ. ಮಗು ತಲೆ ಎತ್ತುತ್ತದೆ, ಕ್ಷಣಹೊತ್ತು ಹಿಡಿದಿಡುತ್ತದೆ, ಕೆನ್ನೆ ಚಾಪೆಗೆ ತಾಗುತ್ತದೆ; ಮತ್ತೆ ಗಿಲಕಿ ಸದ್ದು. ಕೂರಲು ಕಲಿಯುವ ಮಗುವಿನ ಪಕ್ಕಕ್ಕೆ ಆಟಿಕೆ ಇಟ್ಟು, ಒಂದು ಕೈ ಊರಿ ಇನ್ನೊಂದು ಕೈ ಚಾಚುವಂತೆ ಮಾಡುತ್ತಾರೆ. ನಿಲ್ಲಬಲ್ಲ ಮಗು ಮಂಚದ ಅಂಚು ಹಿಡಿದು ಅಡ್ಡಡ್ಡಕ್ಕೆ ಹೆಜ್ಜೆ ಹಾಕುತ್ತದೆ. ಆಸ್ಪತ್ರೆಯಲ್ಲಿ ಆಗಾಗ ಮಾಡಿಸಿದರೆ ಇದು ಸಾಲದು. ಸ್ನಾನ, ಊಟ, ಬಟ್ಟೆ ತೊಡಿಸುವ ಹೊತ್ತಿನಲ್ಲೂ ಮನೆಯವರು ದಿನವೂ ಮಾಡಿಸಬೇಕು, ಅದಕ್ಕೆ ಮೊದಲು ಅವರು ಕಲಿಯಬೇಕು. ಕಲಿಸುವವರು ಸಿಗದಿದ್ದಾಗ ಎಷ್ಟೋ ಮನೆಗಳಿಗೆ ಅಂಗಡಿಯ ವಾಕರ್ ಬರುತ್ತದೆ. ಅದು ನಡಿಗೆ ಕಲಿಸುವುದಿಲ್ಲ, ಅಪಾಯವೂ ಹೌದು. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ.

ಮಿದುಳಿಗೆ ಆದ ಹಾನಿಯನ್ನು ಫಿಸಿಯೋಥೆರಪಿ ಅಳಿಸುವುದಿಲ್ಲ. ಪೋಷಕರಿಗೆ ಇದು ಗೊತ್ತಿದೆ. ಆದರೆ ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಮೀನಖಂಡ ಬಿಗಿದುಕೊಂಡು ಪಾದದ ತುದಿಯಲ್ಲೇ ನಡೆಯುವಂತಾದರೆ, ಮುಂದೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬೇಕಾದೀತು. ಎಳವೆಯಲ್ಲೇ ವ್ಯಾಯಾಮ, ಸ್ಪ್ಲಿಂಟ್ ಶುರುವಾದರೆ ಮಗುವಿಗೆ ತನ್ನ ಶಕ್ತಿಯಿದ್ದಷ್ಟು ಕೂರಲು, ನಿಲ್ಲಲು ಅವಕಾಶ ಸಿಗುತ್ತದೆ. ಪಾದ ಬೆಳೆದಂತೆ ಸ್ಪ್ಲಿಂಟ್ ಬದಲಿಸಬೇಕು. ಬಿಗಿಯಾದದ್ದು ಹಿಮ್ಮಡಿಗೆ ಹುಣ್ಣು ಮಾಡುತ್ತದೆ.

ವ್ಯವಸ್ಥೆ ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು, ಬೆಳವಣಿಗೆ ಕುಂಠಿತವಾದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ತೊಡಕು ಶುರುವಾಗುವುದು ಅಲ್ಲಿಂದಾಚೆಗೆ. 2023ರ ಶಕ್ತಿ ಯೋಜನೆಯಿಂದ ತಾಯಿಗೆ ಬಸ್ ಟಿಕೆಟ್ ಉಳಿದಿದೆ, ನಿಜ. ಆದರೆ ಜಿಲ್ಲಾ ಆಸ್ಪತ್ರೆಗೆ ಹೋದ ದಿನ ಅವಳ ಕೂಲಿ ಹೋಗುತ್ತದೆ. ಕತ್ತು ನಿಲ್ಲದ ಮಗುವನ್ನು ಎತ್ತಿಕೊಂಡು ಎರಡು ಬಸ್ ಬದಲಿಸುವುದು ಎಷ್ಟು ಕಷ್ಟವೆಂದು ಆ ಬಸ್ಸಿನಲ್ಲಿ ಕೂತವರಿಗೇ ಗೊತ್ತು. ಇದೇ ಕಾರಣಕ್ಕೆ ಕೆಲವೇ ವಾರಗಳಲ್ಲಿ ಥೆರಪಿ ಬಿಟ್ಟವರು ಮನವಿದಾರರಲ್ಲೇ ಇದ್ದಾರೆ.

ಆದುದರಿಂದ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರದ ಒಂದು ನಿಗದಿತ ದಿನ ಮಕ್ಕಳ ಫಿಸಿಯೋಥೆರಪಿ ನಡೆಯಲಿ, ಆ ದಿನ ಬದಲಾಗುವುದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಮುಂಚೆಯೇ ತಿಳಿಸಲಿ ಎಂದು ಅವರು ಕೋರುತ್ತಾರೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಬೆಳವಣಿಗೆಯ ಹಂತಗಳ ತರಬೇತಿ ಕೊಡಿಸಬೇಕು. ಅವರು ಗುರುತಿಸಿದ ಮಗುವನ್ನು ಮುಂದಿನ ತಪಾಸಣೆಯವರೆಗೆ ಕಾಯಿಸದೆ, ತಿಂಗಳೊಳಗೆ ವೈದ್ಯರು ನೋಡಬೇಕು. ಸ್ಪ್ಲಿಂಟ್ ಅಳತೆ ತಾಲ್ಲೂಕಿನಲ್ಲೇ ಆಗಬೇಕು. ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಗಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಾಗುವ ನಿರಾಮಯ ವಿಮೆಯ ಅರ್ಜಿಯನ್ನೂ ಅದೇ ದಿನ ಅಲ್ಲೇ ತುಂಬಿಸಿಕೊಡಬೇಕು. ಜಿಲ್ಲಾ ಕೇಂದ್ರಗಳಲ್ಲಿ ಥೆರಪಿಸ್ಟ್ ಹುದ್ದೆ ಖಾಲಿ ಇದ್ದಲ್ಲಿ ಅದನ್ನು ತುಂಬುವ ಗಡುವನ್ನು ತಿಳಿಸಿ, ಈ ಮನವಿಗೆ ಲಿಖಿತ ಉತ್ತರ ನೀಡಬೇಕೆಂದು ಕೋರಲಾಗಿದೆ.

ಇಂತಿ,
ಮನವಿದಾರ ಪೋಷಕರು